"ಡಿಪ್ರೆಶನ್ ಗುಣ ಆಯ್ತು, ಈಗ ಸಿಟ್ಟಿಗೊಂದು ಮಾತ್ರೆ ಕೊಡಿ": ಡೊಂಬಿವಲಿಯ ಒಂದು ಪ್ರಕರಣ

ಮೊದಲೇ ಹೇಳಿಬಿಡ್ತೀನಿ, ಇದು ಯಾರ ಕತೆ ಅಂತ ಹುಡುಕೋಕೆ ಹೋಗ್ಬೇಡಿ. ವಯಸ್ಸು, ಊರು, ಹೋಟೆಲಿರೋ ಜಾಗ ಎಲ್ಲಾ ಅಲ್ಪಸ್ವಲ್ಪ ಬದಲಿಸಿದೀನಿ, ಮನೆಯವರನ್ನ ಕೇಳಿಯೇ ಬರೀತಿರೋದು. ನಾನು ಮುಂಬೈಯ ಒಂದು ಆಸ್ಪತ್ರೆಯ ಸೈಕಿಯಾಟ್ರಿ ವಿಭಾಗದಲ್ಲಿ ಸೋಶಿಯಲ್ ವರ್ಕರ್. ಮಾತ್ರೆ ಬರೆಯೋದು ಡಾಕ್ಟರ್ ಕೆಲಸ, ಮನೆಯವರ ಹತ್ರ ಕೂತು "ಅದಕ್ಕೆ ಮುಂಚೆ ಏನಾಗಿತ್ತು, ಅದಕ್ಕೂ ಮುಂಚೆ?" ಅಂತ ಕೇಳ್ತಾ ಕೇಳ್ತಾ ಹಿಸ್ಟರಿ ಬಿಡಿಸೋದು ನನ್ನ ಕೆಲಸ. ಕನ್ನಡದವರೋ ತುಳುವಿನವರೋ ಬಂದ್ರೆ ಫೈಲು ಸೀದಾ ನನ್ನ ಟೇಬಲಿಗೇ ಬರತ್ತೆ.

ಗಣಪತಿ ಹಬ್ಬ ಮುಗಿದ ವಾರ ಮೂರು ಜನ ಬಂದ್ರು. ಡೊಂಬಿವಲಿ ಸ್ಟೇಷನ್ ಹತ್ರದ ಒಂದು ಉಡುಪಿ ಹೋಟೆಲಲ್ಲಿ ವರ್ಕಿಂಗ್ ಪಾರ್ಟ್ನರ್ ಆಗಿರೋ 38 ವರ್ಷದವರು, ಅವರ ಹೆಂಡತಿ, ಹೆಂಡತಿಯ ಅಣ್ಣ. ಹೋಟೆಲಿನವರು ಕೂರಲೇ ಇಲ್ಲ. ಬಾಗಿಲಲ್ಲಿದ್ದ ಸೆಕ್ಯೂರಿಟಿಯವನಿಗೆ ಟೋಕನ್ ಸಿಸ್ಟಮ್ ಹೇಗಿರಬೇಕು ಅಂತ ಹಿಂದಿಲಿ ಹೇಳಿದ್ರು, ಪಕ್ಕದ ಅಜ್ಜಿಗೆ ಮರಾಠಿಲಿ ಸಮಾಧಾನ ಹೇಳಿದ್ರು, ನನ್ನ ಕಡೆ ತಿರುಗಿ "ಅಕ್ಕ ನೀವು ಯಾವ ಊರು, ಕುಂದಾಪ್ರವಾ ಉಡುಪಿಯಾ" ಅಂತ ಕೇಳಿದ್ರು, ನಾನು ಬಾಯಿ ತೆಗೆಯೋದ್ರೊಳಗೆ ಥಾಣೆಯಿಂದ ಕಲ್ಯಾಣದ ತನಕ ಐದು ಬ್ರಾಂಚ್ ಮಾಡೋ ವಿಷಯಕ್ಕೆ ಹೋದ್ರು. ಗಂಟಲು ಒಡೆದು ಹೋಗಿತ್ತು ಮಾತಾಡಿ ಮಾತಾಡಿ. ಹೆಂಡತಿ ತಗ್ಗಿದ ದನಿಯಲ್ಲಿ ಅಂದಿದ್ದು ಇಷ್ಟೇ, "ಮೇಡಂ, ಇವರಿಗೆ ಡಿಪ್ರೆಶನ್ ಇತ್ತು, ಅದು ಗುಣ ಆಯ್ತು. ಈಗ ಸಿಟ್ಟು ಜಾಸ್ತಿ ಆಗಿದೆ, ಸಿಟ್ಟಿಗೊಂದು ಮಾತ್ರೆ ಕೊಡಿ ಅಷ್ಟೇ."

ಈ ಒಂದು ಮಾತಿನಲ್ಲಿ ಇಡೀ ಪ್ರಕರಣ ಉಂಟು. ಮನೆಯವರ ಲೆಕ್ಕದಲ್ಲಿ ಕಾಯಿಲೆ ಅಂದ್ರೆ ಮಂಕಾಗಿ ಮಲಗಿದ್ದ ಆ ಎರಡು ತಿಂಗಳು ಮಾತ್ರ. ಅದಕ್ಕೆ ಹಿಂದಿನದ್ದು "ಒಳ್ಳೆ ದಿನ", ಆಮೇಲಿನದ್ದು "ಗುಣ ಆಗಿದ್ದು". ಡಾಕ್ಟರಿಗೆ ಹೇಳಿದ್ದೂ ಆ ಎರಡು ತಿಂಗಳಿನದ್ದೇ.

ಹಿನ್ನೆಲೆ ಜಾಸ್ತಿ ಏನಿಲ್ಲ. ಕುಂದಾಪುರ ಕಡೆಯ ಹಳ್ಳಿ, ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಬಂದು ಟೇಬಲ್ ಒರೆಸಿ, ರಾತ್ರಿ ಶಾಲೇಲಿ ಹತ್ತನೇ ಕ್ಲಾಸ್ ಮಾಡಿ, ಗಲ್ಲಾದಲ್ಲಿ ಕೂತು, ಕೊನೆಗೆ ಪಾರ್ಟ್ನರ್ ಆದವರು. ಕುಡಿಯಲ್ಲ, ಬೀಡಿ ಸಿಗರೇಟಿಲ್ಲ. ಇಬ್ರು ಮಕ್ಕಳು. ಬೆಳಿಗ್ಗೆ ಐದೂವರೆಗೆ ಶಟರ್ ಎತ್ತಿದ್ರೆ ರಾತ್ರಿ ಹತ್ತೂವರೆ. ತಾಯಿ ಊರಲ್ಲಿ. ತಾಯಿಯ ತಮ್ಮ ಒಬ್ರು "ತಲೆ ಕೆಟ್ಟು" ಊರು ಬಿಟ್ಟು ಹೋದವರು ಅಂತ ಭಾವನವರು ನಾಲ್ಕನೇ ಸಲ ಕೇಳಿದಾಗ ಹೇಳಿದ್ರು, ಅದೂ ಹೆಂಡತಿ ನೀರು ತರೋಕೆ ಎದ್ದು ಹೋದಾಗ. ನಮ್ಮಲ್ಲಿ ಈ ಮಾತು ಹೊರಗೆ ಬರೋದು ಯಾವತ್ತೂ ಹೀಗೇ.

ಮಂಕಾಗಿದ್ದು ಜೂನಿನಲ್ಲಿ, ಮಳೆ ಹಿಡಿದ ಮೇಲೆ. ಅವರಿಗೊಂದು ಅಭ್ಯಾಸ ಇತ್ತು, ದಿನಾ ಬೆಳಿಗ್ಗೆ ಮೊದಲ ಸಾಂಬಾರು ಇಳಿದ ತಕ್ಷಣ ಬಟ್ಟಲಲ್ಲಿ ಒಂದು ಗುಟುಕು ಕುಡಿದು ಭಟ್ರಿಗೆ ಉಪ್ಪು ಹುಳಿ ಹೇಳೋದು. ಅದು ನಿಂತಿತು. ಭಟ್ರು ಬಟ್ಟಲು ತಂದಿಟ್ರೆ ಆರಿ ಹೋಗೋ ತನಕ ಅಲ್ಲೇ ಇರೋದು. ಗಲ್ಲಾದಲ್ಲಿ ಕೂರ್ತಿದ್ರು, ಆದ್ರೆ ದುಡ್ಡು ಎಣಿಸೋದು ಹುಡುಗ. ಗಡ್ಡ ಬಿಟ್ರು. ಬಾಯಿಂದ "ಬೇಜಾರು" ಅಂತ ಒಂದೇ ಒಂದು ಸಲ ಬಂದಿಲ್ಲ, ಬಂದಿದ್ದೆಲ್ಲ ಗ್ಯಾಸು, ಎದೆ ಭಾರ, ಕಾಲಲ್ಲಿ ಶಕ್ತಿ ಇಲ್ಲ, ತಲೆ ಹಿಂದೆ ಹಿಡಿದ ಹಾಗೆ. ರಾತ್ರಿ ಹನ್ನೊಂದಕ್ಕೆ ಮಲಗಿ ಮೂರು ಗಂಟೆಗೆ ಎಚ್ಚರ ಆಗಿ ಬೆಳಕು ಹರಿಯೋ ತನಕ ಫ್ಯಾನ್ ನೋಡ್ತಾ ಮಲಗಿರೋದು. ಇಸಿಜಿ ಆಯ್ತು, ಶುಗರ್ ಆಯ್ತು, ಥೈರಾಯ್ಡ್ ಆಯ್ತು, ಎಲ್ಲ ನಾರ್ಮಲ್. ಫ್ಯಾಮಿಲಿ ಡಾಕ್ಟರು ಇದು ಡಿಪ್ರೆಶನ್ ಅಂತ ಹಿಡಿದ್ರು, ಮಾತ್ರೆ ಶುರು ಮಾಡಿದ್ರು. ಅವರನ್ನ ಬೈಯೋದಕ್ಕೆ ನನಗೆ ಮನಸ್ಸಿಲ್ಲ. ಎರಡು ವಾರ ದಾಟಿ ಹೆಚ್ಚುಕಮ್ಮಿ ಪ್ರತಿದಿನ ಮನಸ್ಸು ಕುಗ್ಗಿರೋದು ಅಥವಾ ಯಾವುದ್ರಲ್ಲೂ ಆಸಕ್ತಿ ಇಲ್ಲದಿರೋದು, ಜೊತೆಗೆ ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆ ಎಲ್ಲ ಕೆಡೋದು, ನಾನು ದಂಡ ಅನ್ನೋ ಭಾವನೆ, ಸಾವಿನ ಯೋಚನೆ, ಇವನ್ನೆಲ್ಲ ಸೇರಿಸಿ ನೋಡಿದ್ರೆ ಡಿಪ್ರೆಶನ್ನೇ ಅದು. ಗ್ಯಾಸಿನ ಮಾತ್ರೆ ಕೊಟ್ಟು ಕಳಿಸೋರ ಮಧ್ಯೆ ಅವರು ಅಷ್ಟು ಕಂಡು ಹಿಡಿದಿದ್ದೇ ದೊಡ್ಡದು. ಆದ್ರೆ "ಇದಕ್ಕೆ ಮುಂಚೆ ಯಾವಾಗಾದ್ರೂ ಇವರು ಯಾವತ್ತಿಗಿಂತ ತುಂಬಾ ಜೋರಾಗಿ, ತುಂಬಾ ಖುಷಿಯಾಗಿ ಇದ್ದದ್ದು ಉಂಟಾ" ಅಂತ ಯಾರೂ ಕೇಳಲಿಲ್ಲ, ಕೇಳದೆ ಹೇಳೋಕೆ ಮನೆಯವರಿಗೆ ಅದು ಕಾಯಿಲೆ ಅಂತ ಅನಿಸಿರಲೇ ಇಲ್ಲ.

ಮಾತ್ರೆ ಶುರುವಾಗಿ ಮೂರ್ನಾಲ್ಕು ವಾರಕ್ಕೆ ಮುಖ ಬೆಳಗಿತು. ಗಡ್ಡ ತೆಗೆದ್ರು. ಮನೆಯಲ್ಲಿ ಸತ್ಯನಾರಾಯಣ ಪೂಜೆ ಆಯ್ತು. ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಹೋಟೆಲಿಗೆ ಹೋಗಿ ಹುಡುಗರನ್ನ ಎಬ್ಬಿಸಿ ಪಾತ್ರೆ ತೊಳೆಸಿದ್ರು. ಗಿರಾಕಿಗಳ ಟೇಬಲಲ್ಲಿ ಹೋಗಿ ಕೂತು ಬಿಸಿನೆಸ್ ಪ್ಲಾನ್ ಹೇಳಿದ್ರು, ಬಿಲ್ ಬೇಡ ಅಂದ್ರು. ದಿನಕ್ಕೆ ನಾಲ್ಕು ಶರ್ಟ್ ಬದಲಿಸಿದ್ರು. ಕಲ್ಯಾಣದಲ್ಲೊಂದು ಅಂಗಡಿ ಜಾಗಕ್ಕೆ ಒಂದೂವರೆ ಲಕ್ಷ ಟೋಕನ್ ಅಡ್ವಾನ್ಸ್ ಕೊಟ್ರು, ಮೊಬೈಲಲ್ಲಿ ಎರಡು ಆ್ಯಪ್ ಲೋನ್ ತಗೊಂಡ್ರು, ಹೆಂಡತಿಯ ಬಳೆ ಅಡವಿಟ್ಟಿದ್ದು ಅವರಿಗೆ ಗೊತ್ತಾಗಿದ್ದು ಹಬ್ಬಕ್ಕೆ ಹಾಕ್ಕೊಳ್ಳೋಕೆ ಹುಡುಕಿದಾಗ. ಸಂಬಂಧಿಕರು ಫೋನಲ್ಲಿ "ಈಗ ನೋಡು ಹಳೇ ಗಂಡಾಳು ವಾಪಸ್ ಬಂದ" ಅಂತಿದ್ರು. ಕೇಳೋರಿಗೆ ಮಜಾ, ಮನೆಯಲ್ಲಿ ಇರೋರಿಗೆ ನರಕ. ತಡೆದ್ರೆ ಪ್ಲೇಟು ಹಾರ್ತಿತ್ತು, "ನನ್ನನ್ನ ಮೇಲೆ ಬರೋಕೆ ಬಿಡದವರು ನೀವೇ" ಅಂತ. ಹೆಂಡತಿ "ಸಿಟ್ಟು" ಅಂದಿದ್ದು ಇದನ್ನ.

ಅವತ್ತು ಡಾಕ್ಟರ್ ನೋಡಿದ ಮೇಲೆ ಮೇನಿಯಾ ಅನ್ನೋದ್ರಲ್ಲಿ ಅನುಮಾನ ಇರಲಿಲ್ಲ. ಒಂದು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಅತಿಯಾಗಿ ಏರಿರೋದು ಇಲ್ಲಾ ಸಿಡಿಮಿಡಿ, ಜೊತೆಗೆ ಶಕ್ತಿ ಉಕ್ಕೋದು, ನಿದ್ದೆಯೇ ಬೇಡ ಅನ್ನಿಸೋದು, ಮಾತು ನಿಲ್ಲದಿರೋದು, ಒಂದು ಯೋಚನೆ ಮುಗಿಯೋ ಮುಂಚೆ ಇನ್ನೊಂದು, ನಾನೇ ದೊಡ್ಡವನು ಅನ್ನೋದು, ಕೈಗೆ ಮೀರಿದ ಖರ್ಚು. ಪ್ರಶ್ನೆ ಇದ್ದಿದ್ದು ಬೇರೆ: ಇದು ಬರೀ ಮಾತ್ರೆಯ ಎಫೆಕ್ಟಾ, ಅಥವಾ ಬೈಪೋಲಾರ್ (ಮನಸ್ಸು ಒಮ್ಮೆ ಅತಿಯಾಗಿ ಏರಿ, ಇನ್ನೊಮ್ಮೆ ಕುಗ್ಗೋ ಕಾಯಿಲೆ) ಇದ್ದವರಿಗೆ ಡಿಪ್ರೆಶನ್ನಿನ ಮಾತ್ರೆ ಒಂದನ್ನೇ ಕೊಟ್ಟಿದ್ರಿಂದ ಮೇಲಕ್ಕೆ ತಿರುಗಿದ್ದಾ? ಉತ್ತರ ಬೇಕಾದ್ರೆ ಮಾತ್ರೆಗೆ ಮುಂಚಿನ ಹಿಸ್ಟರಿ ಬೇಕು. ಅವರನ್ನ ಕೇಳಿದ್ರೆ ಐದು ಬ್ರಾಂಚ್, ಹೆಂಡತಿಯನ್ನ ಕೇಳಿದ್ರೆ "ಮುಂಚೆ ಚೆನ್ನಾಗಿದ್ರು ಮೇಡಂ, ಈ ವರ್ಷದ ಮೊದಲಿಗಂತೂ ತುಂಬಾ ಚೆನ್ನಾಗಿದ್ರು." ಹಿಸ್ಟರಿಲಿ "ತುಂಬಾ ಚೆನ್ನಾಗಿ" ಅಂತ ಬಂದ ಕಡೆ ನಾನು ಪೆನ್ ಕೆಳಗಿಡ್ತೀನಿ, ಅಲ್ಲೇ ಅಗೀಬೇಕು.

ಭಾವನವರಿಗೆ ಹೋಟೆಲಿನ ಖರೀದಿ ಪುಸ್ತಕ ತರೋಕೆ ಹೇಳಿದೆ. ಮರುದಿನ ಕೆಂಪು ರಟ್ಟಿನ ಉದ್ದ ಪುಸ್ತಕ ಚೀಲದಲ್ಲಿ ಹಾಕ್ಕೊಂಡು ಬಂದ್ರು. ನವೆಂಬರ್ ಡಿಸೆಂಬರ್ ಹಾಳೆಗಳಲ್ಲಿ ಅಕ್ಷರ ಜೋಳದ ಕಾಳಿನ ಹಾಗೆ ಸಣ್ಣಗೆ ಸಾಲಾಗಿ, ಅಕ್ಕಿ ಇಷ್ಟು, ಉದ್ದು ಇಷ್ಟು, ತೆಂಗಿನಕಾಯಿ ಇಷ್ಟು, ಕೆಳಗೆ ಸಹಿ. ಜನವರಿ ಸಂಕ್ರಾಂತಿ ಆದ ಮೇಲೆ ನೋಡ್ತೀರಾ, ಅಕ್ಷರ ದೊಡ್ಡದಾಗ್ತಾ ಹೋಗಿದೆ, ಗೆರೆ ಬಿಟ್ಟು ಮಾರ್ಜಿನ್ ದಾಟಿ ಓರೆಯಾಗಿ, ನೀಲಿ ಶಾಯಿ ಬಿಟ್ಟು ಕೆಂಪು, ಒಂದೊಂದರ ಕೆಳಗೆ ಎರಡು ಮೂರು ಗೆರೆ. ಇದ್ದ ಗ್ರೈಂಡರ್ ಚೆನ್ನಾಗೇ ಇರೋವಾಗ ಇನ್ನೊಂದು ಗ್ರೈಂಡರ್. ಹೊಸ ಇಡ್ಲಿ ಸ್ಟೀಮರ್. ನಾಲ್ಕು ನೂರು ಸ್ಟೀಲ್ ಲೋಟ! ಅಷ್ಟು ಲೋಟ ಇಡೋಕೆ ಆ ಹೋಟೆಲಲ್ಲಿ ಜಾಗವೇ ಇಲ್ಲ, ಇನ್ನೂ ಮಾಳಿಗೆ ಮೇಲೆ ಗೋಣಿಲಿ ಕಟ್ಟಿಟ್ಟಿದೆ ಅಂತ ಭಾವನವರು ನಕ್ಕರು. ಮೊಬೈಲಿನ ಯುಪಿಐ ಹಿಸ್ಟರಿಲಿ ಅದೇ ದಿನಗಳಲ್ಲಿ ರಾತ್ರಿ 2.40, 3.15, 3.50ಕ್ಕೆ ದುಡ್ಡು ಹೋಗಿದೆ, ಊರಿನ ದೇವಸ್ಥಾನಕ್ಕೆ, ಹಳೇ ಕ್ಲಾಸ್‌ಮೇಟಿಗೆ, ಯಾವುದೋ ಆನ್‌ಲೈನ್ ಕೋರ್ಸಿಗೆ. ಹೆಂಡತಿ ಅದನ್ನ ನೋಡ್ತಾ "ಹೌದು, ಆಗ ರಾತ್ರಿ ಎದ್ದು ಅಡುಗೆಮನೆಗೆ ತಾವೇ ಬಣ್ಣ ಹೊಡೆದಿದ್ರು, ಮಕ್ಕಳಿಗೆ ಸೈಕಲ್ ತಂದಿದ್ರು, ನಾನು ಖುಷಿ ಪಟ್ಟಿದ್ದೆ" ಅಂದ್ರು. ಒಂಬತ್ತು ಹತ್ತು ದಿನ ಹಾಗೆ ನಡೆದು ಅಕ್ಷರ ತಾನಾಗೇ ಮತ್ತೆ ಸಣ್ಣದಾಗಿದೆ. ಆಗ ಒಂದೇ ಒಂದು ಮಾತ್ರೆ ಇರಲಿಲ್ಲ.

ನಾಲ್ಕು ದಿನಕ್ಕಿಂತ ಹೆಚ್ಚು, ಸುತ್ತ ಇದ್ದವರಿಗೆ ಗೊತ್ತಾಗೋ ಅಷ್ಟು ಬದಲಾವಣೆ, ಆದ್ರೆ ಕೆಲಸ ನಿಂತಿಲ್ಲ, ಆಸ್ಪತ್ರೆ ಬೇಕಾಗಿಲ್ಲ. ಇದಕ್ಕೆ ಹೈಪೋಮೇನಿಯಾ ಅಂತಾರೆ. ಮಾತ್ರೆ ಇಲ್ಲದೇ ಇದು ಬಂದಿದ್ರಿಂದ, ಈಗಿನದ್ದು ಬರೀ ಮಾತ್ರೆಯ ಎಫೆಕ್ಟಲ್ಲ, ಬೈಪೋಲಾರ್ ಅಂತಾಯ್ತು. ಯಾರಿಗೂ ತೊಂದರೆ ಆಗದ ಕಾರಣ ಯಾರೂ ದೂರು ಹೇಳಲ್ಲ, ಅದಕ್ಕೇ ಇದು ತಪ್ಪಿಸಿಕೊಳ್ಳೋದು. ಬೈಪೋಲಾರ್ ಇದ್ದವರು ಏರಿದ ದಿನಕ್ಕಿಂತ ಇಳಿದ ದಿನಗಳನ್ನೇ ಹೆಚ್ಚು ಕಳೀತಾರೆ, ಡಾಕ್ಟರ ಹತ್ರ ಬರೋದೂ ಇಳಿದಾಗಲೇ. ನಿಮ್ಹಾನ್ಸ್‌ನವರು 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಬೈಪೋಲಾರ್ ಇರೋರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸಿಕ್ಕವರಲ್ಲೂ ಇವರ ಹಾಗೆ ಅರ್ಧ ಕತೆ ಹೇಳಿ ಮಾತ್ರೆ ತಗೊಂಡವರು ಎಷ್ಟಿರಬಹುದೋ.

ನನ್ನನ್ನ ಕೇಳಿದ್ರೆ ಏರಿದ್ದನ್ನೂ ಇಳಿದಿದ್ದನ್ನೂ ಬೇರೆ ಮಾಡಿ ನೋಡೋಕೆ ನಿದ್ದೆಯಷ್ಟು ಒಳ್ಳೆ ಗುರುತು ಇನ್ನೊಂದಿಲ್ಲ. ಜೂನಿನಲ್ಲೂ ಮೂರು ಗಂಟೆಗೆ ಎಚ್ಚರ, ಜನವರಿಲೂ ಮೂರು ಗಂಟೆಗೆ ಎಚ್ಚರ, ಆಗಸ್ಟಿನಲ್ಲಿ ಎರಡಕ್ಕೇ ಎಚ್ಚರ. ಬರೀ "ನಿದ್ದೆ ಸರಿ ಇದೆಯಾ" ಅಂತ ಕೇಳಿದ್ರೆ ಮೂರಕ್ಕೂ "ಇಲ್ಲ" ಅನ್ನೋ ಉತ್ತರವೇ ಬರೋದು. ಮುಂದಿನ ಪ್ರಶ್ನೆ ಕೇಳಬೇಕು, ಎದ್ದ ಮೇಲೆ ಏನ್ ಮಾಡಿದ್ರು, ಮರುದಿನ ಹೇಗಿದ್ರು. ಜೂನಿನಲ್ಲಿ ನಿದ್ದೆ ಬೇಕು, ಬರ್ತಿಲ್ಲ, ಮರುದಿನ ಹೆಣದ ಹಾಗೆ. ಜನವರಿಲಿ ಮೂರು ತಾಸು ಮಲಗಿ ಎದ್ದು ಗೋಡೆಗೆ ಬಣ್ಣ ಹೊಡೆದು ಹೋಟೆಲಿಗೂ ಹೋಗಿ ರಾತ್ರಿ ತನಕ ಒಂದು ಆಕಳಿಕೆ ಇಲ್ಲ. ಇಷ್ಟು ಗೊತ್ತಾದ್ರೆ ಮನೆಯವರೇ ಅರ್ಧ ಕೆಲಸ ಮಾಡಿದ ಹಾಗೆ.

ಪುಸ್ತಕದಲ್ಲಿ ಇನ್ನೊಂದು ಹಾಳೆ ಇತ್ತು. ಜುಲೈ ತಿಂಗಳದ್ದು. ಎಲ್‌ಐಸಿ ಪಾಲಿಸಿ ಮೊತ್ತ ಮೇಲೆ, ಕೆಳಗೆ ಹೋಟೆಲ್ ಸಾಲ, ಮನೆ ಸಾಲ, ಮಕ್ಕಳ ಫೀಸು ಕಳೆದು ಉಳಿಕೆ. ಹೆಂಡತಿ ಅದನ್ನ ಆಗಲೇ ನೋಡಿದ್ರು, ಲೆಕ್ಕ ಅಂದ್ಕೊಂಡಿದ್ರು. ಡಾಕ್ಟರ್ ಗಂಡನನ್ನ ಒಬ್ಬರನ್ನೇ ಕೂರಿಸಿ ನೇರವಾಗಿ ಕೇಳಿದ್ರು, "ಸಾಯೋ ಯೋಚನೆ ಬಂದಿತ್ತಾ?" ಐದು ಬ್ರಾಂಚಿನ ಮಾತು ಅಲ್ಲಿಗೆ ನಿಂತು ಅವರು ಅತ್ತುಬಿಟ್ರು, "ನಾನಿಲ್ದಿದ್ರೆ ಇವರು ಆರಾಮಾಗಿರ್ತಾರೆ ಅಂತ ಲೆಕ್ಕ ಹಾಕಿದ್ದೆ." ಅಳು ಮುಗಿಯೋ ಮುಂಚೆ ಮತ್ತೆ ಜೋಕು. ಏರಿದ ಮನಸ್ಸಿನ ಒಳಗೇ ಈ ದುಃಖ ಬೆರೆತಿರೋದು ತುಂಬಾ ಅಪಾಯ, ಯಾಕಂದ್ರೆ ಸಾಯೋ ಯೋಚನೆಯೂ ಉಂಟು, ಅದನ್ನ ಮಾಡೋ ಶಕ್ತಿಯೂ ಬಂದಿರತ್ತೆ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗತ್ತೆ ಅಂತ ನಮ್ಮ ಜನ ಹೆದರ್ತಾರೆ, ಹಾಗೇನೂ ಆಗಲ್ಲ, ಕೇಳಿದ್ರೆ ಹೇಳ್ಕೊಳ್ಳೋಕೆ ದಾರಿ ಆಗತ್ತೆ. ರಾತ್ರಿ ಹೊತ್ತು ಯಾರೂ ಸಿಗದಿದ್ರೆ ಟೆಲಿ ಮಾನಸ್ 14416 ಉಂಟು, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಇಪ್ಪತ್ನಾಲ್ಕು ಗಂಟೆ, ಫ್ರೀ, ಕನ್ನಡದಲ್ಲೂ ಮಾತಾಡಬಹುದು. ಈ ನಂಬರನ್ನ ಮೂರೂ ಜನರ ಫೋನಲ್ಲಿ ಅವತ್ತೇ ಸೇವ್ ಮಾಡಿಸಿದೆ.

ಅಡ್ಮಿಟ್ ಆಗೋಕೆ ಒಪ್ಪಲಿಲ್ಲ. "ನನಗೆ ಹುಚ್ಚಾ? ನಾನು ಜೀವನದಲ್ಲಿ ಇಷ್ಟು ಸರಿ ಯಾವತ್ತೂ ಇರಲಿಲ್ಲ." 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಒಪ್ಪಿಗೆ ಇಲ್ಲದವರನ್ನೂ ಸೇರಿಸ್ಕೊಳ್ಳೋ ದಾರಿ ಉಂಟು, ರೋಗಿಯ ಪ್ರತಿನಿಧಿ (ಹೆಚ್ಚಾಗಿ ಮನೆಯವರೇ) ಅರ್ಜಿ ಕೊಟ್ಟು, ಸೈಕಿಯಾಟ್ರಿಸ್ಟ್ ಸೇರಿ ಇಬ್ರು ಬೇರೆ ಬೇರೆಯಾಗಿ ನೋಡಿ, ಮೂವತ್ತು ದಿನದ ತನಕ. ಅದು ಬೇಕಾಗಲಿಲ್ಲ. ಬ್ರಾಂಚ್ ಆಗಲ್ಲ ಅಂತ ವಾದ ಮಾಡೋದನ್ನ ಭಾವನವರು ಬಿಟ್ರು, ಬದಲಿಗೆ "ನೀನು ಎರಡು ವಾರದಿಂದ ಮಲಗಿಲ್ಲ ಮಾರಾಯ, ಮೊದಲು ನಾಲ್ಕು ರಾತ್ರಿ ನಿದ್ದೆ ಮಾಡು, ಅಷ್ಟರ ತನಕ ಗಲ್ಲಾದಲ್ಲಿ ನಾನು ಕೂರ್ತೇನೆ, ಬ್ರಾಂಚಿನ ಮಾತು ಆಮೇಲೆ" ಅಂದ್ರು. ಗಲ್ಲಾದಲ್ಲಿ ಯಾರು ಕೂರ್ತಾರೆ ಅನ್ನೋದೇ ಅವರ ಒಳಗಿನ ಚಿಂತೆ ಆಗಿತ್ತು ಅಂತ ಕಾಣತ್ತೆ, ತಾವೇ ಸಹಿ ಹಾಕಿದ್ರು.

ಡಿಪ್ರೆಶನ್ನಿನ ಮಾತ್ರೆ ನಿಂತಿತು. ರಾತ್ರಿಗೆ ಏರಿದ ಮನಸ್ಸನ್ನ ಇಳಿಸಿ ನಿದ್ದೆ ತರೋ ಒಲಾಂಜಪೈನ್, ಕಿಡ್ನಿ ಥೈರಾಯ್ಡ್ ರಿಪೋರ್ಟ್ ಬಂದ ಮೇಲೆ ಏರಿಳಿತ ತಡೆಯೋ ಲಿಥಿಯಂ. ವಾರದೊಳಗೆ ಆರು ತಾಸು ನಿದ್ದೆ ಬಂತು, ಮೂರನೇ ವಾರ ಮನೆಗೆ ಹೋದ್ರು. ಲಿಥಿಯಂ ಹೊಸದೇನಲ್ಲ, ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ಡಾಕ್ಟರ್ 1949ರಲ್ಲೇ ಮೇನಿಯಾಕ್ಕೆ ಇದನ್ನ ಕೊಟ್ಟು ಬರೆದಿದ್ದು. ಅಗ್ಗದ ಮಾತ್ರೆ, ಆದ್ರೆ ರಕ್ತದಲ್ಲಿ ಎಷ್ಟಿದೆ ಅಂತ ಅಳೀತಾ ಇರಬೇಕು, ರಾತ್ರಿ ಮಾತ್ರೆ ತಗೊಂಡು ಹನ್ನೆರಡು ತಾಸಿಗೆ ಬ್ಲಡ್ ಕೊಡಬೇಕು. ಸಾಮಾನ್ಯಕ್ಕೆ 0.6ರಿಂದ 1.0ರ ಒಳಗೆ ಇಡ್ತಾರೆ, 1.5 ದಾಟಿದ್ರೆ ವಿಷ. ಇವರದ್ದು 0.8ಕ್ಕೆ ನಿಂತಿತು. ಹೋಟೆಲಿನವರಿಗೆ ಇದರಲ್ಲೊಂದು ಸ್ಪೆಷಲ್ ಕಿರಿಕಿರಿ ಉಂಟು. ಮೇ ತಿಂಗಳಲ್ಲಿ ದೋಸೆ ಕಾವಲಿ ಮುಂದೆ ನಿಂತು ಬೆವರು ಸುರಿದು ನೀರು ಕುಡೀದಿದ್ರೆ, ವಾಂತಿ ಭೇದಿ ಆದ್ರೆ, ಬಿಪಿ ಅಂತ ಇದ್ದಕ್ಕಿದ್ದ ಹಾಗೆ ಉಪ್ಪು ಬಿಟ್ರೆ, ರಕ್ತದಲ್ಲಿ ಲಿಥಿಯಂ ಏರತ್ತೆ. ದಿನಾ ನಿಂತು ನಿಂತು ಮೊಣಕಾಲು ನೋವು, ಮೆಡಿಕಲ್ ಶಾಪಿನವನು ಡೈಕ್ಲೋಫೆನಾಕೋ ಐಬುಪ್ರೊಫೇನೋ ಕೊಡ್ತಾನೆ, ಅದರಿಂದಲೂ ಏರತ್ತೆ, ಪ್ಯಾರಾಸಿಟಮಾಲ್ ಆದ್ರೆ ಅಡ್ಡಿಯಿಲ್ಲ. ಕೈ ಜೋರಾಗಿ ನಡುಗಿದ್ರೆ, ನಡಿಗೆ ತೂರಾಡಿದ್ರೆ, ಮಾತು ತೊದಲಿದ್ರೆ ಮುಂದಿನ ಮಾತ್ರೆ ತಗೊಳ್ಳದೆ ಸೀದಾ ಆಸ್ಪತ್ರೆಗೆ ಬನ್ನಿ ಅಂತ ಡಾಕ್ಟರ್ ಹೇಳಿ ಕಳಿಸಿದ್ರು.

ಕಷ್ಟ ಶುರುವಾಗಿದ್ದು ಆಮೇಲೆ. ಟೋಕನ್ ದುಡ್ಡಲ್ಲಿ ಅರ್ಧ ಬಂತು, ಅರ್ಧ ಮುಳುಗಿತು. ಬಿಲ್ ಬೇಡ ಅಂದಿದ್ದ ಗಿರಾಕಿಗಳ ಮುಖ ನೋಡೋಕೆ ಅವರಿಗೆ ನಾಚಿಕೆ. ನವೆಂಬರಲ್ಲಿ ಫಾಲೋಅಪ್ಪಿಗೆ ಬಂದಾಗ ಹೆಂಡತಿ ಹೊರಗೆ ಹೋದ ಮೇಲೆ "ಅಕ್ಕ, ಒಂದು ಸತ್ಯ ಹೇಳ್ಲಾ, ಆಗ ನಾನು ಇದ್ದೆ ನೋಡಿ, ಅದೇ ನಿಜವಾದ ನಾನು ಅನ್ಸತ್ತೆ. ಈಗ ಏನೋ ಹತ್ತಿ ತುಂಬಿದ ಹಾಗೆ" ಅಂದ್ರು. ಮಾತ್ರೆ ಬಿಡೋಕೆ ಇದೇ ಮೊದಲ ಮೆಟ್ಟಿಲು, ಆದ್ರೆ ಅದಕ್ಕೆ ಉಪದೇಶ ಕೊಟ್ರೆ ಪ್ರಯೋಜನ ಇಲ್ಲ. ಡಾಕ್ಟರಿಗೆ ಹೇಳಿಸಿದೆ, ಅವರು ಒಲಾಂಜಪೈನ್ ನಿಧಾನಕ್ಕೆ ಕಡಿಮೆ ಮಾಡ್ತಾ ಬಂದ್ರು, ಲಿಥಿಯಂ ಮುಟ್ಟಲಿಲ್ಲ. ಹತ್ತಿ ಸ್ವಲ್ಪ ಕಮ್ಮಿ ಆಯ್ತಂತೆ. ಹೆಂಡತಿಯ ಚಿಂತೆ ಬೇರೆ, ಮಕ್ಕಳಿಗೂ ಬರುತ್ತಾ ಅಂತ. ಅಪ್ಪ ಅಮ್ಮ ಒಬ್ಬರಿಗಿದ್ರೆ ಬರೋ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಅಂದ್ರೂ ಸುಮಾರು ಹತ್ತರಲ್ಲಿ ಒಬ್ಬರಿಗೆ, ಉಳಿದವರಿಗೆ ಬರಲ್ಲ ಅಂತ ಡಾಕ್ಟರ್ ಹೇಳಿದ್ರು. ಅವರಿಗೆ ಅದರಲ್ಲಿ ಆ ಒಬ್ಬರೇ ಕೇಳಿಸಿದ್ದು, ಸಹಜ.

ಮುಂದೆ ಏನು ನೋಡಬೇಕು ಅಂತ ಅವರ ಮನೆಯದ್ದೇ ಒಂದು ಗುರುತು ಬರೆದಿಟ್ಟಿದ್ದಾರೆ, ದೇವರ ಕ್ಯಾಲೆಂಡರಿನ ಹಿಂದೆ, ಅವರೇ ಹೇಳಿ ಹೆಂಡತಿ ಬರೆದಿದ್ದು. ಪುಸ್ತಕದ ಅಕ್ಷರ ದೊಡ್ಡದಾದ್ರೆ, ಹಳೇ ಕ್ಲಾಸ್‌ಮೇಟುಗಳಿಗೆ ಫೋನ್ ಹೋಗೋಕೆ ಶುರುವಾದ್ರೆ, ಮನೆಯಲ್ಲಿ ಹಿಂದಿ ಮಾತಾಡಿದ್ರೆ, ಶರ್ಟ್ ಬದಲಿಸಿದ್ರೆ, ಅದು ಮೇಲಕ್ಕೆ ಹೋಗೋ ದಾರಿ. ಸಾಂಬಾರು ಬಟ್ಟಲು ಆರಿ ಹೋದ್ರೆ, ಗ್ಯಾಸ್ ಅಂದ್ರೆ, ದುಡ್ಡು ಹುಡುಗ ಎಣಿಸಿದ್ರೆ ಕೆಳಕ್ಕೆ. ನಾಲ್ಕು ತಾಸಿಗಿಂತ ಕಮ್ಮಿ ಮಲಗಿಯೂ ಫ್ರೆಶ್ ಆಗಿ ಎರಡು ರಾತ್ರಿ ಕಳೆದ್ರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಫೋನ್ ಮಾಡಬೇಕು. ಯುಪಿಐ ದಿನದ ಲಿಮಿಟ್ ಐದು ಸಾವಿರಕ್ಕೆ ಇಳಿಸಿದ್ದು ಅವರೇ, ಪಿನ್ ಭಾವನವರಿಗೆ ಕೊಡಲ್ಲ ಅಂದ್ರು, ಸರಿ ಅಂದೆ, ಎಲ್ಲಾ ಕಿತ್ಕೊಂಡ್ರೆ ಮನುಷ್ಯನಿಗೆ ಉಳಿಯೋದು ಏನು.

ಡಿಸೆಂಬರಲ್ಲಿ ಊರಿಂದ ತಾಯಿ ಫೋನ್ ಮಾಡಿ ದರ್ಶನಕ್ಕೆ ಬರಬೇಕು, ಹರಕೆಯ ಯಕ್ಷಗಾನದ ಆಟ ಆಡಿಸಬೇಕು ಅಂತ ಹಟ ಹಿಡಿದ್ರು. ಹೆಂಡತಿ ನನ್ನ ಮುಖ ನೋಡಿದ್ರು, ನಾನು ಬೇಡ ಅಂತೀನಿ ಅಂದ್ಕೊಂಡು. ಹೋಗಲಿ, ತಾಯಿಗೂ ಸಮಾಧಾನ, ನನ್ನ ತಕರಾರು ರಾತ್ರಿ ಪೂರ್ತಿ ಕೂರೋದಕ್ಕೆ ಮಾತ್ರ. ನಿದ್ದೆ ಕೆಟ್ಟ ಒಂದೆರಡು ರಾತ್ರಿಯೇ ಸಾಕು ಇವರಂಥವರನ್ನ ಮೇಲಕ್ಕೆ ಎತ್ತೋಕೆ, ಅದ್ರ ಮೇಲೆ ಬಸ್ಸಲ್ಲಿ ಹೋಗೋ ರಾತ್ರಿ ಬೇರೆ. ಬಸ್ ಬಿಟ್ಟು ಟ್ರೈನಲ್ಲಿ ಸ್ಲೀಪರ್ ಬುಕ್ ಮಾಡಿದ್ರು, ಮೇಲಿನ ಬರ್ತ್, ರಾತ್ರಿಯ ಮಾತ್ರೆ ಒಂಬತ್ತಕ್ಕೇ. ಆಟ ಕಾಲಮಿತಿಯದ್ದೇ ಆಡಿಸೋದು ಅಂತ ಭಾವನವರು ಮೇಳದವರ ಹತ್ರ ಮಾತಾಡಿ ಬಂದಿದ್ದಾರೆ, ಅದೂ ಮುಗಿಯೋಕೆ ನಡುರಾತ್ರಿ ಆಗತ್ತೆ, ಇವರು ಹತ್ತೂವರೆಗೆ ಪ್ರಸಾದ ತಗೊಂಡು ಮನೆಗೆ ಬಂದು ಮಲಗಬೇಕು. "ಹರಕೆ ಹೊತ್ತವರೇ ಎದ್ದು ಹೋದ್ರೆ ಊರವರು ಎಂತ ಹೇಳ್ತಾರೆ" ಅಂತ ತಾಯಿ. ಶುಗರಿನ ಮಾತ್ರೆ ಉಂಟು ಅಂತ ಹೇಳ್ತೇವೆ ಅಂತ ಹೆಂಡತಿ. ಅವರು ಮಾತ್ರ "ಇದ್ದದ್ದನ್ನೇ ಹೇಳುವ" ಅಂದ್ರು. ಅದು ಇನ್ನೂ ಅವರ ಅವರಲ್ಲೇ ತೀರ್ಮಾನ ಆಗಿಲ್ಲ. ಹೊರಡೋ ಮುಂಚೆ ಲಿಥಿಯಂ ಲೆವೆಲ್ ಒಂದು ಸಲ ಮಾಡಿಸೋಕೆ ಚೀಟಿ ಕೊಟ್ಟಾಗಿದೆ.